ಜರ್ಮನ್ ಪಿಸ್ತೂಲಿನ ಕುದುರಿ

ಬಾಳಪ್ಪ ಕಾಕಾ,

ನಾ ಶೈಲಾ, ನಾಗನೂರ ಕೆಂಚಪ್ಪನ ಮಗಳು. ಹಿಂಗ ಗುರ್ತಾ ಹೇಳಿದ್ರ "ಏ, ಗೊತ್ತೈತಿ, ಕುಂಡ್ರ" ಅಂತ ಸ್ಟೂಲ್ ದಬ್ಬತಿದ್ರಿ. ಈಗೂ ಹಂಗ ಅನ್ರಿ. ನೀವು ಹೋಗಿ ಆರು ತಿಂಗಳಾತು. ನನ್ನ ಮ್ಯಾಲಿನ ಸಿಟ್ಟು ಇಳದೈತೋ ಇಲ್ಲೋ ನನಗ ಗೊತ್ತಿಲ್ಲ. ಇಳದಿರಲಿಕ್ಕಂದ್ರೂ ಇದನ್ನ ಪೂರಾ ಓದ್ರಿ. ನಿನ್ನೆ ಹಿರ್ಯಾರ ಅಮಾಸಿ ಇತ್ತು, ಕಣಗಲಾಕ್ಕ ಹೋಗಿದ್ನಿ. ಅಲ್ಲಿ ಆದದ್ದನ್ನ ನಿಮ್ಮನ್ನ ಬಿಟ್ಟು ಬ್ಯಾರೆ ಯಾರಿಗಿ ಹೇಳ್ಲಿ?

ನಾ ಕಾಲೇಜಿಗಿ ಹೋಗುವಾಗ ಅಪ್ಪನ ಜೋಡಿ ಮೊದಲ ಸಲ ಹುಕ್ಕೇರ್ಯಾಗಿನ ನಿಮ್ಮ ಅಂಗಡಿಗಿ ಬಂದಿದ್ದು ನೆನಪೈತೇನ್ರಿ? ಹಿಂದಿನ ದಿನ ಅಪ್ಪ ಮೂಡಲಗಿ ಸಂತ್ಯಾಗ ಚಲೋ ಎಮ್ಮಿ ಮಾರಿದ್ದ. ಆ ಖುಷಿಯೊಳಗ ಗೆಳೆಯಾನ್ನ ಮಾತಾಡಸಾಕ ಬಂದಿದ್ದ. ಹಂದಿ ಕಾಟಕ್ಕಂತ ಲೈಸೆನ್ಸ್ ತಗೊಂಡ ರೈತರ ಬಂದೂಕ ನಿಮ್ಮ ಗ್ವಾಡಿಗಿ ಸಾಲಾಗಿ ನಿಂತಿದ್ವು. ನಾ ಹೆದರಿ ಬಾಗಲದಾಗ ನಿಂತ್ನಿ. "ಹೆದರಬ್ಯಾಡ ತಂಗಿ, ಇವೆಲ್ಲಾ ದವಾಖಾನಿಗಿ ಬಂದ ಪೇಶಂಟ್" ಅಂದ್ರಿ. ಇಪ್ಪತ್ತೆರಡು ವರ್ಷ ಸೈನ್ಯದಾಗ ಹತ್ಯಾರ ದುರಸ್ತಿ ಮಾಡಿ ಬಂದವ್ರು ನೀವು. "ಎಷ್ಟ ಮಂದೀನ್ನ ಕೊಂದೀರಿ ಕಾಕಾ?" ಅಂತ ನಾ ಹುಚ್ಚರಂಗ ಕೇಳಿದ್ದಕ್ಕ, "ಒಬ್ಬರನ್ನೂ ಇಲ್ಲ. ಬಂದೂಕ ಬಿಚ್ಚೂದು, ಒರಸೂದು, ಜೋಡಸೂದು. ಅಷ್ಟ ನನ್ನ ಯುದ್ಧ" ಅಂದ್ರಿ. ಅಪ್ಪ ನಕ್ಕ. ನೀವು ನಗಲಿಲ್ಲ.

ಧಾರವಾಡದಾಗ ಎಂ.ಎ. ಓದುವಾಗ ಸಂಜಿ ಕ್ಲಾಸಿಗಿ ಹೋಗಿ ಜರ್ಮನ್ ಕಲ್ಯಾಕತ್ತೇನಿ ಅಂದಾಗ ಊರಾಗ ಎಲ್ಲಾರೂ ನಕ್ಕಿದ್ರು. ನೀವೊಬ್ರ ಕೈಯಾಗಿನ ಕಬ್ಬಿಣ ಉಜ್ಜೂ ಕಾನಸ ಕೆಳಗ ಇಟ್ಟು "ಹಂಗಾದ್ರ ಜರ್ಮನ್ ಪಿಸ್ತೂಲಿನ ಪುಸ್ತಕ ಸಿಕ್ರ ಓದತೀಯೇನ?" ಅಂತ ಕೇಳಿದ್ರಿ. ಸೈನ್ಯದಾಗ ಇದ್ದಾಗ ಪಿ-08 ಅನ್ನೂ ಹಳೇ ಜರ್ಮನ್ ಪಿಸ್ತೂಲು ಒಮ್ಮೆ ನಿಮ್ಮ ಕೈಗಿ ಬಂದಿತ್ತಂತ. ಬಿಚ್ಚಿ ನೋಡೂದರಾಗ ಸಾಹೇಬ್ರು ವಾಪಸ್ ಇಸ್ಕೊಂಡ್ರಂತ. "ಅರ್ಧಾ ಊಟಕ್ಕ ಎಬ್ಬಿಸಿದಂಗಾತು ತಂಗಿ" ಅಂತ ಎಷ್ಟ ವರ್ಷ ಅನ್ಕೋತ ಬಂದ್ರಿ! ನಾನರ ಆಗ ಜರ್ಮನ್ ಕವಿತಾ ಬಾಯಿಪಾಠ ಮಾಡಾಕಿ. ಪಿಸ್ತೂಲು ಯಾಕ ಬೇಕಿತ್ತು ನನಗ?

ಹ್ವಾದ ದೀಪಾವಳಿ ಆದ ಮ್ಯಾಲ ಕಣಗಲಾದ ಮಲ್ಲಪ್ಪ ಗೋಕಾಕಿಗಿ ನನ್ನ ಮನಿ ಹುಡ್ಕೊಂಡು ಬಂದ. ಕಾಲೇಜಿನಾಗ ಇಂಗ್ಲಿಷ್ ಕಲಸೂ ಬಾಯಾರಿಗಿ ಜರ್ಮನ್ನೂ ಬರ್ತೈತಿ ಅಂತ ಯಾರೋ ಹೇಳಿದ್ರಂತ. ಕಂಬಳಿ ತುಂಡಿನಾಗ ಸುತ್ತಿದ್ದ ಗಂಟು ಬಿಚ್ಚಿದ. ಒಂದು ತೊಗಲಿನ ಪಿಸ್ತೂಲ ಚೀಲ, ಒಂದು ದಪ್ಪ ವಹಿ. ಪಿಸ್ತೂಲು ಇರಲಿಲ್ಲ. ಅದನ್ನ ಅವನ ಅಜ್ಜ ಬಸಪ್ಪ, ಅಂದ್ರ ಅವನ ತಾಯಿ ಈರವ್ವನ ಅಪ್ಪ, ಎಷ್ಟೋ ವರ್ಷದ ಹಿಂದ ತಾನ ಹೋಗಿ ಸರಕಾರಕ್ಕ ಒಪ್ಪಿಸಿ ಬಂದಿದ್ದ. ಖಾಲಿ ಚೀಲದಾಗ ಮನಿ ಮಂದಿ ಕುರಿ ಉಣ್ಣೆ ಕತ್ತರಸೂ ಕತ್ತರಿ ಇಡ್ತಿದ್ರಂತ.

"ನಮ್ಮಜ್ಜ ಎರಡನೇ ಮಹಾಯುದ್ಧದಾಗ ಇಟಲಿಗಿ ಹೋಗಿದ್ದ್ರಿ ಬಾಯಾರ" ಅಂದ ಮಲ್ಲಪ್ಪ. "ಅಲ್ಲಿ ಒಬ್ಬ ಜರ್ಮನ್ ಆಫೀಸರನ್ನ ಕೊಂದು ಅವನ ಪಿಸ್ತೂಲು, ವಹಿ ತಂದಾನ. ಊರ ಸಭಾಭವನದ ಮುಂದ ಅಜ್ಜನ ಹೆಸರಿಲೆ ಕಲ್ಲ ನಿಲ್ಲಸಾಕತ್ತೇವಿ. ವಹ್ಯಾಗ ಏನೈತಿ ಕನ್ನಡದಾಗ ಬರದು ಕೊಡ್ರಿ, ಕಾರ್ಯಕ್ರಮದಾಗ ಓದಸೂಣು." ಅವನ ಮಾರಿ ಮ್ಯಾಲಿನ ಹೆಮ್ಮಿ ನೋಡಿ ನಾ ಹೂಂ ಅಂದ್ನಿ.

ಮರುದಿನನ ಆ ಗಂಟು ತೊಡಿಮ್ಯಾಲ ಇಟ್ಕೊಂಡು ಹುಕ್ಕೇರಿ ಬಸ್ಸಿನಾಗ ಕುಂತ್ನಿ. ನಿಮಗ ತೋರಸೂತನಾ ನನಗ ಸಮಾಧಾನ ಇರಲಿಲ್ಲ. ನೀವು ಚೀಲ ಮೂಸಿ ನೋಡಿದ್ರಿ, ಒಳಗ ಕೈ ಹಾಕಿ ಆಕಾರ ತಡವಿದ್ರಿ. "ಇದು ಪಿ-38 ಅನ್ನೂ ಇನ್ನೊಂದ ಜರ್ಮನ್ ಪಿಸ್ತೂಲಿನ ಚೀಲ. ಆದ್ರ ಕುರಿ ವಾಸನಿ ಹೊಡ್ಯಾಕತ್ತೈತಿ" ಅಂದ್ರಿ. ವಹಿಯ ಮೊದಲ ಹಾಳಿ ಓದಿ ನಾ "ಇದು ಆಫೀಸರಂದಲ್ಲ ಕಾಕಾ. ಎಮಿಲ್ ಅಂತ ಹೆಸರು. ಹತ್ಯಾರ ದುರಸ್ತಿ ಮಾಡಾಂವ. ಯಾವ ಪಿಸ್ತೂಲಿಗಿ ಏನಾಗಿತ್ತು, ಏನ ಮಾಡಿದೆ ಅಂತ ಬರದಿಟ್ಟಾನ" ಅಂದಾಗ ನಿಮ್ಮ ಮಾರಿ ನೋಡಬೇಕಿತ್ತು. "ಏ, ನಮ್ಮ ಪೈಕ್ಯಾಂವ ಅಲಾ!" ಅಂತ ಕನ್ನಡಕ ಹಾಕ್ಕೊಂಡು, ಒಂದಕ್ಷರ ತಿಳೀದಿದ್ರೂ, ಎಷ್ಟೊತ್ತನಾ ಹಾಳಿ ತಿರುವಿದ್ರಿ.

ಆ ಚಳಿಗಾಲದ ಐತ್ವಾರಗೋಳು... ಅಂಥಾವು ಮತ್ತ ಬರ್ತಾವೇನ್ರಿ? ನಾ ಮನ್ಯಾಗ ಅನುವಾದ ಮಾಡ್ಕೊಂಡು ಬರೂದು, ನೀವು ಕಣ್ಣ ಮುಚ್ಚಿ ಕೇಳೂದು. ಹಳೇ ಕಾಲದ ಜರ್ಮನ್ ಕೈಬರಹ, ಒಂದೊಂದು ಸಾಲು ಜಾಲಿ ಮುಳ್ಳಿನ ಬೇಲಿ ಇದ್ದಂಗ. ಒಂದಿನ ಬಾಳ ಹುರುಪಿಲೆ ಓದಿದ್ನಿ: "ಹುಂಜದ ಗರಿ ಸಡಿಲಾಗಿತ್ತು. ತೆಗೆದು ಹೊಸ ಗರಿ ಹಾಕಿದೆ." ನೀವು ಒಂದ ಕಣ್ಣ ತೆರದು "ಅಂವ ಕೋಳಿ ದವಾಖಾನಿ ಇಟ್ಟಿದ್ನೇನವಾ?" ಅಂದ್ರಿ. ನಾ ಡಿಕ್ಷನರಿ ತೋರಿಸಿ ಜಗಳಾಡಿದ್ನಿ. ನೋಡ್ರಿ, ಇಲ್ಲಿ ಹುಂಜ ಅಂತ ಐತಿ, ಇಲ್ಲಿ ಗರಿ ಅಂತ ಐತಿ! ನೀವು ಗ್ವಾಡಿಗಿದ್ದ ಒಂದ ಬಂದೂಕ ಇಳಿಸಿ, ಹಿಂದಿನ ತುಂಡು ಹೆಬ್ಬೆರಳಿಲೆ ಎಳದು "ಟಕ್" ಅನಿಸಿದ್ರಿ. "ಗುಂಡಿನ ಹಿಂದ ಬಡಿಯೂ ಈ ತುಂಡಿಗಿ ನಾವು ಕುದುರಿ ಅಂತೇವಿ. ಅವ್ರು ಹುಂಜ ಅಂತಿರಬೇಕು. ಕುದುರಿ ಓಡಬೇಕಂದ್ರ ಹಿಂದ ಏನಿರಬೇಕು? ಸ್ಪ್ರಿಂಗ್. ಆ ಗರಿ ಅಂದ್ರ ಸ್ಪ್ರಿಂಗು." ಖರೇನ, ಡಿಕ್ಷನರ್ಯಾಗ ಕೆಳಗ ಸಣ್ಣ ಅಕ್ಷರದಾಗ ಎರಡೂ ಅರ್ಥ ಇದ್ವು. ನಾ ಅಲ್ಲೀತನಾ ಕಣ್ಣ ಒಯ್ದಿರಲಿಲ್ಲ.

ಪಿ-08ರ ಹಾಳಿ ಬಂದ ದಿನಂತೂ ನಾ ಸೋತು ಕುಂತಿದ್ನಿ. "ಮೊಣಕಾಲ ಕೀಲು" ಅಂತ ಒಂದು ಶಬ್ದ. ಪಿಸ್ತೂಲಿಗಿ ಎಲ್ಲೀ ಮೊಣಕಾಲು? ನೀವು ಸ್ಟೂಲ್ ಮ್ಯಾಲ ಕುಂತು, ಧೋತರ ಮ್ಯಾಲ ಸರಿಸಿ, ಕಾಲು ನೆಟ್ಟಗ ಚಾಚಿದ್ರಿ. "ಅಂಗಾಲು ದಬ್ಬ" ಅಂದ್ರಿ. ದಬ್ಬಿದ್ನಿ. ಅಲಗಾಡಲಿಲ್ಲ. ಆಮ್ಯಾಲ ಮೊಣಕಾಲು ನಾಕ ಬಟ್ಟು ಎತ್ತಿದ್ರಿ. "ಈಗ ದಬ್ಬ." ಕಾಲು ಮಡಚಿ ಎದಿಗಿ ಹತ್ತಿತು. "ಇಷ್ಟ ನೋಡ. ಗುಂಡು ಹಾರೂತನಾ ಕಾಲು ನೆಟ್ಟಗ, ಬಾಗಲಾ ಗಟ್ಟಿ. ಹಾರಿದ ಕೂಡಲೇ ಮೊಣಕಾಲು ಏಳ್ತೈತಿ, ಬಾಗಲಾ ತೆರೀತೈತಿ, ಖಾಲಿ ಕಾಡತೂಸು ಹೊರಗ ಬೀಳ್ತೈತಿ." ಹೇಳೂದು ಮುಗಿಸಿ ನೀವು ಧೋತರ ಕೆಳಗ ಇಳಿಸಿದ್ರಿ. "ಅವತ್ತ ಅರ್ಧಾ ಬಿಟ್ಟ ಊಟ ಇವತ್ತ ಮುಗೀತು ತಂಗಿ" ಅಂದ್ರಿ. ನಾಕನೇ ಇಯತ್ತೆ ಕಲತ ನೀವು ನನಗ ಕಲಿಸಿದಷ್ಟು ಜರ್ಮನ್, ಧಾರವಾಡದಾಗ ಯಾರೂ ಕಲಿಸಲಿಲ್ಲ.

ಸಂಕ್ರಮಣ ಆದ ವಾರ ನಾ ವಹಿಯ ಕೊನೀಗಿ ಬಂದಿದ್ನಿ. ಎರಡ ಹಾಳಿ ತುಂಬ ಶಬ್ದಗಳ ಪಟ್ಟಿ. ಎಡಕ್ಕ ಜರ್ಮನ್ ಅಕ್ಷರದಾಗ ಒಂದೊಂದು ಶಬ್ದ, ಬಲಕ್ಕ ಅದರ ಅರ್ಥ. ಬಲಗಡಿ ಶಾಯಿ ನೀರ ಬಿದ್ದು ಹರದು ಹೋಗಿತ್ತು. ಎಡಗಡಿ ಶಬ್ದ ಎಂಟ ದಿನ ಹುಡುಕಿದ್ರೂ ಯಾವ ಡಿಕ್ಷನರ್ಯಾಗೂ ಸಿಗಲಿಲ್ಲ. "ಏನೋ ಗುಪ್ತ ಭಾಷಾ ಇರಬೇಕ್ರಿ ಕಾಕಾ" ಅಂತ ಜರ್ಮನ್ ಧಾಟಿಯೊಳಗ ಒಂದೊಂದ ಓದಿದ್ನಿ. "ನೀ... ರು. ಊ... ಟಾ. ಬಾ... ರ್ರೀ."

ಎಣ್ಣಿ ಹಚ್ಚಾಕತ್ತಿದ್ದ ನಿಮ್ಮ ಕೈ ನಿಂತ್ವು. "ಇನ್ನೊಮ್ಮೆ ಓದು" ಅಂದ್ರಿ. ಓದಿದ್ನಿ. "ಹಂಗ ಮಂತ್ರ ಹೇಳಿದಂಗ ಅಲ್ಲ. ಮಂದಿ ಮಾತಾಡಿದಂಗ ಓದು."

"ನೀರು. ಊಟಾ. ಬರ್ರಿ. ಸಾ..."

ನನ್ನ ಬಾಯಿ ಅಲ್ಲೇ ನಿಂತಿತು. ನೀವು ಹೊಟ್ಟಿ ಹಿಡ್ಕೊಂಡು ನಗಾಕತ್ರಿ, ಕಣ್ಣಾಗ ನೀರ ಬರೂಹಂಗ. "ಏ ಹುಚ್ಚಿ! ನಮ್ಮ ಮಾತಲಾ ಅದು! ಸಾಕು! ಅಂವ ಸಾಕು ಅಂತ ಬರದಾನ!" ಎಂಟ ದಿನ ನಾ ಜರ್ಮನ್ ಡಿಕ್ಷನರ್ಯಾಗ ನನ್ನ ಅವ್ವನ ಮಾತು ಹುಡುಕಾಕತ್ತಿದ್ನಿ ಕಾಕಾ. ಪಟ್ಟಿಯ ಕೆಳಗ "ಕುದ್ರಿ" ಅಂತಿತ್ತು. ಅದರ ಬಲಗಡಿ ಒಂದ ಸಾಲು ಮಾತ್ರ ನೀರಿಗಿ ಸಿಕ್ಕಿರಲಿಲ್ಲ. "ಕುದುರೆ. ಪಿಸ್ತೂಲಿನ ಹುಂಜಕ್ಕೂ ಇವರು ಇದೇ ಮಾತು ಹೇಳುತ್ತಾರೆ." ಅಂದ್ರ ಕಣಗಲಾದ ಬಸಪ್ಪ, ಆ ಎಮಿಲ್, ಇಬ್ರೂ ಪಿಸ್ತೂಲು ನಡುವ ಇಟ್ಕೊಂಡು, ನೀವು ನಾನು ಕುಂತಂಗನ... ನೀವು ನಗೂದು ನಿಲ್ಲಿಸಿ ಮೆತ್ತಗ ಕೇಳಿದ್ರಿ: "ಕೊಲ್ಲೂ ಮನಷಾಗ ಯಾರಾದ್ರೂ ಮಾತು ಕಲಸ್ತಾರೇನ ತಂಗಿ?"

ಆಮ್ಯಾಲ ಕಡೀ ಹಾಳಿ ಓದಿದ್ನಿ. ನಿಮಗ ಅದು ಬಾಯಿಪಾಠ ಇತ್ತು, ಆದ್ರೂ ಬರೀತೇನಿ. "ಯುದ್ಧ ಮುಗಿದಿದೆ. ನಾವು ಸೆರೆ ಸಿಕ್ಕು ಐದು ವಾರವಾಯಿತು. ನನ್ನ ಪಿಸ್ತೂಲನ್ನು ಮೊದಲ ದಿನವೇ ಕಾವಲಿನ ಬಸಪ್ಪನ ಕೈಗೆ ಕೊಟ್ಟೆ. ಅದನ್ನು ಬಿಚ್ಚುವುದು ಹೇಗೆಂದು ಅವನು ಕೇಳಿದ. ದಿನಾ ಮಧ್ಯಾಹ್ನ ಕಲಿಸಿದೆ. ಅವನು ತನ್ನ ಮಾತು ಕಲಿಸಿದ. ನಾಳೆ ನಮ್ಮನ್ನು ಬೇರೆ ಕಡೆ ಒಯ್ಯುತ್ತಾರೆ. ಆಯುಧ ಇದ್ದಲ್ಲಿ ಅದರ ವಹಿ ಇರಬೇಕು. ಇದನ್ನೂ ಅವನಿಗೇ ಕೊಡುತ್ತೇನೆ."

ಇನ್ನ ನನ್ನ ತಪ್ಪಿನ ಮಾತು. ಮಲ್ಲಪ್ಪ ಅನುವಾದ ಒಯ್ಯಾಕ ಬಂದ ದಿನ ಮೊಬೈಲಿನಾಗ ಕಲ್ಲಿನ ಫೋಟೋ ತೋರಿಸಿದ. "ಜರ್ಮನ್ ಅಧಿಕಾರಿಯನ್ನು ಕೊಂದು ಪಿಸ್ತೂಲು ವಶಪಡಿಸಿಕೊಂಡ ವೀರ ಬಸಪ್ಪ" ಅಂತ ಕೆತ್ತಿಸಿ ಆಗಿತ್ತು. ಆಮಂತ್ರಣ ಅಚ್ಚಾಗಿದ್ವು. "ಹುಡುಗೂರು ನಮ್ಮಜ್ಜನ ಹೆಸರ ಹೇಳಿ ಎದಿ ಉಬ್ಬಿಸಿ ಅಡ್ಡಾಡಾಕತ್ತಾರ್ರಿ" ಅಂದ. ನಾ ಒಳಗ ಹೋಗಿ ಕಡೀ ಮೂರು ಹಾಳಿ ಫೈಲಿನಿಂದ ತಗದ್ನಿ. ಕೇಳಿದ್ದು ಪಿಸ್ತೂಲಿನ ಸುದ್ದಿ, ಅದನ್ನ ಕೊಟ್ಟೇನಿ, ಸುಳ್ಳಂತೂ ಒಂದ ಸಾಲೂ ಬರದಿಲ್ಲ ಅಂತ ನನಗ ನಾನ ಹೇಳ್ಕೊಂಡ್ನಿ.

ಮುಂದಿನ ಐತ್ವಾರ ನೀವು ಕೇಳಿದ್ರಿ: "ಪಟ್ಟಿ ಓದಿ ಮಲ್ಲಪ್ಪ ಏನಂದ?" ನಾ ಇದ್ದದ್ದು ಹೇಳಿದ್ನಿ. ನೀವು ಕೈಯಾಗಿನ ಕಾನಸ ಕೆಳಗ ಇಟ್ರಿ. "ನಾ ಒಂದ ಬಂದೂಕ ಬಿಚ್ಚಿ ಜೋಡಿಸಿದಾಗ ಒಂದ ಸ್ಕ್ರೂ ಉಳೀತು ಅಂತ ತಿಳಕೊ. ಅದನ್ನ ಕಿಸೆಕ್ಕ ಹಾಕ್ಕೊಂಡು, ತಯಾರಾತು ಒಯ್ರಿ ಅಂತ ಗಿರಾಕಿಗಿ ಕೊಡ್ತೇನೇನ ನಾ?" ಅಂದ್ರಿ. ನನಗ ಚುರ್ ಅಂತು. "ಇದು ಬಂದೂಕ ಅಲ್ಲ ಕಾಕಾ, ಮಂದಿ ಮನ್ಯಾಗಿನ ಮಾತು. ನಿಮಗ ಕಬ್ಬಿಣ ತಿಳೀತೈತಿ, ಮನಷಾರು ತಿಳ್ಯಂಗಿಲ್ಲ" ಅಂದ್ಬಿಟ್ನಿ. ನಿಮಗ! ನಿಮಗ ಹಂಗ ಅಂದ್ನಿ. ನೀವು ಕಾನಸ ಎತ್ತಿ ಕೆಲಸಾ ಸುರು ಮಾಡಿದ್ರಿ. ನಾ ಚಹಾ ಅರ್ಧಾ ಬಿಟ್ಟು ಎದ್ದ ಬಂದ್ನಿ. ಆಮ್ಯಾಲ ಎರಡ ತಿಂಗಳು ಹುಕ್ಕೇರಿ ಬಸ್ಸಿನ ಕಡೆ ನೋಡಲಿಲ್ಲ.

ಉಗಾದಿ ಆಗಿ ಎಂಟನೇ ದಿನಕ್ಕ ನಿಮ್ಮ ಮಗನ ಫೋನ್ ಬಂತು. ಮುಂಜಾನೆ ಅಂಗಡಿ ಬಾಗಲಾ ತೆರಿಯಾಕ ಹ್ವಾದವ್ರು ನೀವು ಅಲ್ಲೇ ಕಟ್ಟಿಗಿ ಒರಗಿ ಕುಂತ್ರಂತ, ಮತ್ತ ಏಳಲಿಲ್ಲಂತ. ಘೋಡಗೇರ್ಯಾಗಿನ ನಿಮ್ಮ ಹೊಲದಾಗ ನಿಮಗ ಮಣ್ಣ ಹಾಕಿ ನಿಂತಾಗ, ತಪ್ಪಾತ್ರಿ ಅನ್ನೂ ಒಂದ ಮಾತು ಹೇಳೂದು ಉಳದಿತ್ತು. ಅಷ್ಟ ಮಂದಿಯೊಳಗ ಯಾರ ಮುಂದ ಅನ್ನಲಿ? ಕೇಳೂ ಮನಷಾ ಮಣ್ಣಾಗ ಇದ್ದ.

ನಿಮ್ಮ ಹನ್ನೊಂದನೇ ದಿನದ ಊಟ ಆದ ಮರುದಿನ ಆ ಮೂರು ಹಾಳಿ ತಗೊಂಡು ಕಣಗಲಾಕ್ಕ ಹೋದ್ನಿ. ಕಾರ್ಯಕ್ರಮ ಆಗಿ ತಿಂಗಳಾಗಿತ್ತು, ಕಲ್ಲಿನ ಮ್ಯಾಲಿನ ಹಾರ ಒಣಗಿತ್ತು. ಮಲ್ಲಪ್ಪ ಕಬ್ಬಿಗಿ ನೀರ ಹಾಸಾಕ ಹೋಗಿದ್ದ. ಅವನ ತಾಯಿ ಈರವ್ವ ಪಡಸಾಲ್ಯಾಗ ಕಂಬಳಿ ಮ್ಯಾಲ ಕುಂತು ಜ್ವಾಳ ಹಸನ ಮಾಡಾಕತ್ತಿದ್ಲು. ಎಂಬತ್ತರ ಹತ್ರ ವಯಸ್ಸು. "ಅವ್ವಾ, ನಿಮ್ಮಪ್ಪನ ವಹ್ಯಾಗಿಂದು ಒಂದಿಷ್ಟು ಓದೂದು ಬಿಟ್ಟಿದ್ನಿ" ಅಂದ್ನಿ. ಓದಿದ್ನಿ. ನೀವು ಹೇಳಿದಂಗ, ಮಂದಿ ಮಾತಾಡಿದಂಗ ಓದಿದ್ನಿ. ಪಟ್ಟ್ಯಾಗಿನ ಮಾತು ನಮ್ಮದು ಅಂತ ನೀವು ಗುರ್ತಾ ಹಿಡದದ್ದನ್ನೂ ಹೇಳಿದ್ನಿ.

ಆಕಿ ಮೊರ ಕೆಳಗ ಇಟ್ಲು. "ಹಂಗಾದ್ರ ನಮ್ಮಪ್ಪ ಅವನ್ನ ಕೊಂದಿಲ್ಲೇನವಾ?"

"ಇಲ್ಲವ್ವಾ. ಕೊಂದಿಲ್ಲ."

"ಖರೆ ಹೇಳ. ನನ್ನ ಸಮಾಧಾನಕ್ಕ ಹೇಳಬ್ಯಾಡ."

"ಅವನ ಕೈಬರಹದಾಗ ಐತಿ ಅವ್ವಾ. ನಿಮ್ಮಪ್ಪಗ ಪಾಠ ಹೇಳ್ಯಾನ."

ಈರವ್ವ ಎದ್ದು, ನನ್ನ ಕೈ ಹಿಡದು ಮನಿ ಹಿಂದ ದನದ ಕೊಟ್ಟಿಗಿಗಿ ಕರ್ಕೊಂಡ ಹೋದ್ಲು. ಗ್ವಾದ್ಲಿ ಬಾಜೂ ಒಂದ ಚಪ್ಪಟಿ ಕಲ್ಲ ತೋರಿಸಿದ್ಲು. ಆಕಿ ಹೇಳಿದ್ದು ಕೇಳ್ರಿ ಕಾಕಾ. ಬಸಪ್ಪ ಯುದ್ಧದಿಂದ ಬಂದಾಗಿಂದ ಊರ ಮಂದಿ ಜರ್ಮನ್ ಸಾಹೇಬನ್ನ ಕೊಂದಾನ ಅಂತ ಹಾಡಿ ಹೊಗಳಿದ್ರು. ಅಂವ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಆದ್ರ ಈರವ್ವನ ಅವ್ವಗ ಒಳಗ ಹೆದರಿಕಿ. ಯಾವ ತಾಯಿ ಮಗನೋ, ಹೆಸರಿಲ್ಲದ ಸತ್ತಾನ, ಆ ಪಾಪ ಮಕ್ಕಳಿಗಿ ತಾಕಬಾರದು ಅಂತ ಪ್ರತಿ ವರ್ಷ ಹಿರ್ಯಾರ ಅಮಾಸಿಗಿ, ಮನಿ ಹಿರ್ಯಾರಿಗಿ ಒಳಗ ಎಡಿ ಇಟ್ಟ ಮ್ಯಾಲ, ಯಾರಿಗೂ ಕಾಣದಂಗ ಈ ಕಲ್ಲ ಮ್ಯಾಲ ಒಂದ ಎಡಿ ಇಡ್ತಿದ್ಲು. ಆಕಿ ಸತ್ತ ಮ್ಯಾಲ ಈರವ್ವ ಇಡಾಕತ್ಲು. "ಅಪ್ಪ ಒಂದ ಸಲ ನೋಡಿದ. ಬ್ಯಾಡ ಅನ್ನಲಿಲ್ಲ. ಕಲ್ಲಿನ ಬಾಜೂ ಕುಂತು ಬೀಡಿ ಸೇದಿ ಎದ್ದ ಹೋದ. ಅದಕ್ಕ ಖರೇನ ಕೊಂದಿರಬೇಕು ಅಂದ್ಕೊಂಡ್ನಿ" ಅಂತ ಈರವ್ವ ಸೆರಗಿಲೆ ಕಣ್ಣ ಒರಸ್ಕೊಂಡ್ಲು. "ನನ್ನ ಹೊಟ್ಟ್ಯಾಗ ಎರಡ ಕೂಸು ಹ್ವಾದ್ವು. ಅದೂ ಇದರಿಂದನ ಅಂತ ಇಷ್ಟ ವರ್ಷ..."

ಬಸಪ್ಪ ಯಾಕ ಹೇಳಲಿಲ್ಲ? ನಾ ಎಷ್ಟ ವಿಚಾರ ಮಾಡಿದ್ರೂ ತಿಳೀವಲ್ದು. ಹೊಗಳೂ ಮಂದಿ ಮುಂದ, ಅಂವ ನನ್ನ ಗೆಳೆಯಾ ಅನ್ನೂದು ಅಷ್ಟ ಕಷ್ಟ ಇತ್ತೇನು? ಮಲ್ಲಪ್ಪನ ಮುಂದ ಮೂರು ಹಾಳಿ ಕೊಡೂದು ನನಗ ಕಷ್ಟ ಆತು, ಅವಗ ಆಗಿರಲಿಕ್ಕಿಲ್ಲೇನು? ಎಂಟ ದಶಕದ ಹೆದರಿಕಿಗಿ ಔಷಧ ನನ್ನ ಟೇಬಲ್ಲಿನ ಖಾನೆದಾಗ ಇತ್ತು ಕಾಕಾ. ನೀವು ಬೈದದ್ದು ಕಡಿಮಿ ಆತು.

ಮಲ್ಲಪ್ಪ ಸಂಜಿಗಿ ಬಂದು ಕೇಳಿ ಕೆಂಡ ಆದ. "ಮೊದಲ ಯಾಕ ಹೇಳಲಿಲ್ರಿ? ಊರಾಗ ಮಾರಿ ಹೆಂಗ ತೋರಸ್ಲಿ?" ಅಂದ. ಅವಂದೇನೂ ತಪ್ಪಿರಲಿಲ್ಲ, ನಾ ತಲಿ ಬಗ್ಗಿಸಿ ನಿಂತ್ನಿ. ಆಗ ಈರವ್ವ ಅಂದ್ಲು: "ಮಲ್ಲಾ, ನಿಮ್ಮಜ್ಜ ಒಂದ ಜೀವ ತಗದಾನ ಅಂತ ಕಲ್ಲ ಮ್ಯಾಲ ಬರಸೀದಿ. ತಗದಿಲ್ಲ ಅಂತ ಬರಸಾಕ ನಾಚಿಕಿ ಯಾಕೋ?" ಅಂವ ಹೊರಗ ಹ್ವಾದ. ಮೂರು ತಿಂಗಳು ಫೋನಿಲ್ಲ, ಸುದ್ದಿ ಇಲ್ಲ. ಶ್ರಾವಣದಾಗ ಒಂದಿನ ಫೋನ್ ಮಾಡಿ, ನಮಸ್ಕಾರನೂ ಅನ್ನದ, "ಬಾಯಾರ, ಹೊಸಾ ಸಾಲು ಹೆಂಗ ಇರಬೇಕು ಹೇಳ್ರಿ. ಸಣ್ಣದ ಇರಲಿ" ಅಂದ. ಈಗ ಕಲ್ಲ ಮ್ಯಾಲ ಹಿಂಗೈತಿ: "ಯುದ್ಧಕ್ಕೆ ಹೋಗಿ, ಶತ್ರುವಿಗೆ ನಮ್ಮ ಮಾತು ಕಲಿಸಿ ಬಂದ ಬಸಪ್ಪ." ಕಾಗುಣಿತ ನಾನ ಹೋಗಿ ನೋಡಿ ಬಂದೇನಿ.

ಆ ವಹಿಯ ಪೂರಾ ಅನುವಾದ, ಒಂದ ಹಾಳಿನೂ ಬಿಡದ, ಗೋಕಾಕದಾಗ ಟೈಪ್ ಮಾಡಿಸೇನಿ. ಹುಂಜ ಇದ್ದಲ್ಲೆಲ್ಲಾ ಕುದುರಿ, ಗರಿ ಇದ್ದಲ್ಲೆಲ್ಲಾ ಸ್ಪ್ರಿಂಗ್. ಅನುವಾದ ಮಾಡಿದವ್ರು ಅಂತ ಇಬ್ಬರ ಹೆಸರು ಹಾಕೇನಿ, ಮೊದಲಿಗಿ ನಿಮ್ಮದು. ಬ್ಯಾಡ ಅನಬ್ಯಾಡ್ರಿ. ಮಾತ ಕೊಡ್ತೇನಿ ಕಾಕಾ, ಇನ್ನ ಮುಂದ ನನ್ನ ಕೈಯಾಗ ಬಂದ ಯಾವ ಕಾಗದದಾಗಿಂದೂ ಒಂದ ಸಾಲು ನುಂಗಂಗಿಲ್ಲ.

ನಿನ್ನೆ ಈರವ್ವ ಊಟಕ್ಕ ಕರದಿದ್ಲು. ಕೊಟ್ಟಿಗ್ಯಾಗಿನ ಕಲ್ಲ ಖಾಲಿ ಇತ್ತು. ಎಮಿಲನ ಎಡಿ ಈ ಸಲ ಮನಿ ಒಳಗ, ಬಸಪ್ಪನ ಎಡಿ ಬಾಜೂ ಇಟ್ಟಿದ್ಲು. "ಕೊಲ್ಲದಿದ್ರೂ ಇಷ್ಟೊತ್ತಿಗಿ ಸತ್ತಿರ್ತಾನಲ್ಲವಾ. ಅಪ್ಪನ ಗೆಳೆಯಾ, ಹೊರಗ ಯಾಕ ಕುಂಡ್ರಸೂದು?" ಅಂದ್ಲು. ಹೆಸರ ಬಾಯಿಗಿ ಹೊಳ್ಳವಲ್ದು, ಯಮಿಲಪ್ಪ ಅಂತಾಳ. ಮೂರನೇ ಬಾಳಿ ಎಲಿ ಹಾಸಿದ್ದು ನೋಡಿ ಯಾರಿಗಿ ಅಂತ ಕೇಳಿದ್ನಿ. "ಇದು ನಮ್ಮ ಮಾತು ಅಂತ ಗುರ್ತಾ ಹಿಡದಾಂವ, ನಿಮ್ಮ ಕಾಕಾಗ" ಅಂದ್ಲು. ಮಲ್ಲಪ್ಪ ಹೋಳಿಗಿ ಬುಟ್ಟಿ ತಂದಿಟ್ಟ. ಈರವ್ವ ಸೌಟು ಕೈಯಾಗ ಹಿಡ್ಕೊಂಡು ನನ್ನ ಮಾರಿ ನೋಡಿದ್ಲು. "ಬಾಳಪ್ಪಗ ಏನ ಸೇರತಿತ್ತವಾ?"

ಬದನೀಕಾಯಿ ಎಣ್ಣಿಗಾಯಿ, ಖಾರ ಮುಂದ, ಅಂದ್ನಿ. ಸರಿ ಹೇಳೇನಿ ಹೌದಲ್ರಿ ಕಾಕಾ?